ಪ್ರ: ಹಾರ್ಟ್‌ಫೀಲ್ಡ್ ಕೊಲಾಜ್‌ಗಳಲ್ಲಿ (ಫೋಟೊ ಕತ್ತರಿಸಿ ಅಂಟಿಸಿದ ಚಿತ್ರಗಳಲ್ಲಿ) ತುಣುಕುಗಳ ಅಂಚು ಕಾಣಲ್ಲ, ನನ್ನದರಲ್ಲಿ ಯಾಕೆ ಕಾಣುತ್ತೆ? ಅವನಿಗೆ ಇಂಗ್ಲಿಷ್ ಹೆಸರು ಯಾಕೆ?

ನೀವು ನೋಡಿರೋದು ಅಂಟಿಸಿದ ಮೂಲವನ್ನಲ್ಲ, ಅಚ್ಚಾದ ಪುಟವನ್ನು. ಜರ್ಮನ್ ಕಲಾವಿದ ಜಾನ್ ಹಾರ್ಟ್‌ಫೀಲ್ಡ್ ತುಣುಕುಗಳನ್ನು ಜೋಡಿಸಿ, ಮೇಲೆ ರೀಟಚ್ (ಬಣ್ಣದಿಂದ ತಿದ್ದುವ ಕೆಲಸ) ಮಾಡಿಸಿ ಮುದ್ರಣಕ್ಕೆ ಕಳಿಸುತ್ತಿದ್ದ. ಅವನ ಚಿತ್ರಗಳು ಬರುತ್ತಿದ್ದ ಎಐಝಡ್ (AIZ) ಎಂಬ ಜರ್ಮನ್ ಕಾರ್ಮಿಕರ ಸಚಿತ್ರ ವಾರಪತ್ರಿಕೆ ಅಚ್ಚಾಗುತ್ತಿದ್ದ ಗ್ರಾವ್ಯೂರ್ ವಿಧಾನದಲ್ಲಿ (ಕೊರೆದ ತಗ್ಗುಗಳಲ್ಲಿ ಶಾಯಿ ತುಂಬಿ ಒತ್ತುವ ಮುದ್ರಣ) ಛಾಯೆಗಳು ಮೃದುವಾಗಿ ಬೆರೆಯುತ್ತವೆ, ಸಣ್ಣಪುಟ್ಟ ಗೆರೆ ಅಲ್ಲೇ ಮುಚ್ಚಿಹೋಗುತ್ತದೆ. ಫೋಟೊಗಳನ್ನೂ ಬಹಳಷ್ಟು ಸಲ ಬೇಕಾದ ಭಂಗಿ, ಬೆಳಕು ಹೇಳಿ ಬೇರೆಯವರಿಂದ ತೆಗೆಸುತ್ತಿದ್ದ.

1932ರ ಹಿಟ್ಲರ್ ಚಿತ್ರ ನೋಡಿ: ಭಾಷಣ ಬಿಗಿಯುವ ತಲೆ, ಕೆಳಗೆ ಎದೆಯ ಎಕ್ಸ್‌ರೇ, ಬೆನ್ನುಮೂಳೆಯ ಜಾಗದಲ್ಲಿ ನಾಣ್ಯಗಳ ಕಂಬ. ಎಕ್ಸ್‌ರೇಯ ಕಪ್ಪಿನಲ್ಲೇ ಜೋಡಣೆ ಅಡಗಿದೆ. ಜಾಣತನ ಅಂದ್ರೆ ಇದು!

ನಿಮ್ಮ ಅಂಚು ಬೆಳ್ಳಗೆ ಕಾಣೋದು ಕಾಗದದ ಒಳಪದರದಿಂದ. ಹೊಸ ಬ್ಲೇಡಿನಿಂದ ಓರೆಯಾಗಿ ಕೊಯ್ಯಿರಿ, ಹಿಂಬದಿಯ ಅಂಚನ್ನು ನಯವಾದ ಉಪ್ಪುಕಾಗದದಿಂದ ತೆಳುಮಾಡಿ, ಅಂಟಿಸುವ ಮೊದಲೇ ಬೂದು ಜಲವರ್ಣ ಸವರಿ. ಅಂಟಿಸಿ ಮುಗಿದ ಕೊಲಾಜ್‌ನ ಫೋಟೊ ತೆಗೆಯುವಾಗ ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಸಮ ಬೆಳಕು ಬೇಕು. ಒಂದೇ ದೀಪವಾದರೆ ಅಂಚಿನ ನೆರಳು ಬೀಳುತ್ತದೆ. ತುಣುಕುಗಳಲ್ಲಿ ಬೆಳಕಿನ ದಿಕ್ಕೇ ಬೇರೆಬೇರೆ ಇದ್ದರೆ ಮಾತ್ರ ಯಾವ ರೀಟಚ್ಚೂ ಕೈಹಿಡಿಯಲ್ಲ.

ಹೆಸರಿನ ಬಗ್ಗೆಯೂ ಕೇಳಿದ್ದಿರಿ: ಹುಟ್ಟುಹೆಸರು ಹೆಲ್ಮುಟ್ ಹೆರ್ಜ್‌ಫೆಲ್ಡ್, 1891, ಬರ್ಲಿನ್. ಮೊದಲ ಮಹಾಯುದ್ಧದ ಹೊತ್ತಿನ ಬ್ರಿಟಿಷ್ ದ್ವೇಷಕ್ಕೆ ಪ್ರತಿಭಟನೆಯಾಗಿ ಇಂಗ್ಲಿಷ್ ಹೆಸರಿಟ್ಟುಕೊಂಡ. 1933ರಲ್ಲಿ ಪ್ರಾಗ್‌ಗೆ, 1938ರಲ್ಲಿ ಇಂಗ್ಲೆಂಡಿಗೆ ಓಡಬೇಕಾಯಿತು. 1950ರಲ್ಲಿ ಪೂರ್ವ ಜರ್ಮನಿಗೆ ಮರಳಿದ, 1968ರಲ್ಲಿ ತೀರಿಕೊಂಡ.