ಗಾಳಿಯೂ ದಾರಿಯೂ ಇಲ್ಲದ ಕಡೆ ನೌಕೆ ಸಾಗುವುದು ಹೇಗೆ?

ತಳ್ಳಿಕೊಂಡು ಹೋಗಲು ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ, ಗುರುತಿಗೆ ಮೈಲಿಗಲ್ಲೂ ಇಲ್ಲ. ಹಾಗಿದ್ದ ಮೇಲೆ ನೌಕೆ ಚಲಿಸುವುದು ಹೇಗೆ, ದಾರಿ ತಪ್ಪದಿರುವುದು ಹೇಗೆ ಎಂದು ನೀವು ಕೇಳಿದ್ದೀರಿ. ನಾನು ಅಂದು ದಿನದಿನವೂ ಸುದ್ದಿ ಹುಡುಕಿ ಓದುತ್ತಿದ್ದ, ಮಂಗಳ ಗ್ರಹಕ್ಕೆ ಹೋದ ಭಾರತದ ನೌಕೆ ಮಂಗಳಯಾನವನ್ನೇ ಉದಾಹರಣೆಯಾಗಿಟ್ಟುಕೊಂಡು ಉತ್ತರಿಸುತ್ತೇನೆ.

ಹರಿಗೋಲಿನಿಂದ ದಡಕ್ಕೆ ಜಿಗಿದರೆ ಹರಿಗೋಲು ಹಿಂದಕ್ಕೆ ಸರಿಯುತ್ತದೆ. ಎಂಜಿನ್ ಉರಿದ ಅನಿಲವನ್ನು ಅತಿವೇಗದಿಂದ ಒಂದು ಕಡೆಗೆ ಚಿಮ್ಮಿಸಿದಾಗ ನೌಕೆ ಎದುರು ದಿಕ್ಕಿಗೆ ಸರಿಯುವುದೂ ಹೀಗೆಯೇ. ಇದಕ್ಕೆ ಗಾಳಿಯ ಆಸರೆ ಬೇಕಿಲ್ಲ. ಆದರೆ ಚಿಮ್ಮಿಸಬೇಕಾದುದನ್ನೆಲ್ಲ ನೌಕೆಯೇ ಹೊತ್ತೊಯ್ಯಬೇಕಾದ್ದರಿಂದ, ಸುಮಾರು 1,340 ಕಿಲೋ ತೂಕದ ಮಂಗಳಯಾನದಲ್ಲಿ 850 ಕಿಲೋದಷ್ಟು ಇಂಧನ ಮತ್ತು ಅದನ್ನು ಉರಿಸುವ ಆಕ್ಸಿಡೈಸರೇ ಇತ್ತು.

2013ರ ಡಿಸೆಂಬರ್ 1ರಂದು ಮುಖ್ಯ ಎಂಜಿನ್ ಸುಮಾರು 22 ನಿಮಿಷ ಉರಿದು ನೌಕೆಯನ್ನು ಭೂಮಿಯ ಹಿಡಿತದಿಂದ ಬಿಡಿಸಿತು. ಆಮೇಲಿನ ಸುಮಾರು 300 ದಿನ ಅದು ಪುಟ್ಟ ಗ್ರಹದಂತೆ ಸೂರ್ಯನನ್ನು ಸುತ್ತುತ್ತ, ಮಂಗಳ ಆಗ ಇದ್ದ ಜಾಗದ ಕಡೆಗಲ್ಲದೆ ಹತ್ತು ತಿಂಗಳ ಬಳಿಕ ಅದು ಬಂದು ಸೇರಲಿದ್ದ ಜಾಗದ ಕಡೆಗೆ ಸಾಗಿತು.

ನಿಮ್ಮ ಪ್ರಶ್ನೆಯ ನಿಜವಾದ ತಿರುಳಿರುವುದು ದಾರಿಯ ವಿಷಯದಲ್ಲಿ. ತನ್ನ ಮುಖ ಎತ್ತ ಇದೆ ಎಂಬುದನ್ನು ನೌಕೆ ತಾನೇ ತಿಳಿಯಬಲ್ಲದು: ಕ್ಯಾಮೆರಾದಂಥ ನಕ್ಷತ್ರ ಸಂವೇದಕವು ಕಂಡ ನಕ್ಷತ್ರಗಳನ್ನು ತನ್ನಲ್ಲಿರುವ ಪಟ್ಟಿಯೊಂದಿಗೆ ಹೋಲಿಸುತ್ತದೆ, ಒಳಗಿನ ಚಕ್ರವೊಂದನ್ನು ತಿರುಗಿಸಿದರೆ ನೌಕೆಯ ಮೈ ಎದುರು ದಿಕ್ಕಿಗೆ ನಿಧಾನವಾಗಿ ಹೊರಳುತ್ತದೆ. ಆದರೆ ತಾನು ಎಲ್ಲಿದ್ದೇನೆ ಎಂಬುದು ಅದಕ್ಕೆ ತಿಳಿದಿರಲಿಲ್ಲ; ಅಲ್ಲಿ ಜಿಪಿಎಸ್ ಇಲ್ಲ. ಆ ಲೆಕ್ಕ ನಡೆದದ್ದು ಭೂಮಿಯ ಮೇಲೆ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನ 32 ಮೀಟರ್ ಅಗಲದ ಆಂಟೆನಾದಂಥವು ಕಳಿಸಿದ ರೇಡಿಯೋ ಸಂಕೇತವನ್ನು ನೌಕೆ ಮರಳಿಸುತ್ತಿತ್ತು. ಹೋಗಿಬರಲು ಹಿಡಿದ ಸಮಯದಿಂದ ದೂರ ತಿಳಿಯುತ್ತಿತ್ತು; ದೂರ ಸರಿಯುವ ರೈಲಿನ ಶಿಳ್ಳೆಯ ಸ್ಥಾಯಿ ಇಳಿಯುವಂತೆ ಸಂಕೇತದ ಆವರ್ತನ ಎಷ್ಟು ಬದಲಾಗಿದೆ ಎಂಬುದರಿಂದ ವೇಗ ತಿಳಿಯುತ್ತಿತ್ತು. ಇಂಥ ಅಳತೆಗಳನ್ನು ದಿನಗಟ್ಟಲೆ ಕೂಡಿಹಾಕಿ, ಸೂರ್ಯ ಮತ್ತು ಗ್ರಹಗಳ ಸೆಳೆತವನ್ನಷ್ಟೇ ಅಲ್ಲದೆ ಸೂರ್ಯನ ಬೆಳಕು ನೌಕೆಯನ್ನು ತಳ್ಳುವ ಅತ್ಯಲ್ಪ ಒತ್ತಡವನ್ನೂ ಲೆಕ್ಕಕ್ಕೆ ಹಿಡಿದು ಪಥವನ್ನು ಕಂಡುಕೊಳ್ಳಲಾಗುತ್ತಿತ್ತು. ಈ ಲೆಕ್ಕ ಎಷ್ಟು ಕರಾರುವಾಕ್ಕಾಗಿತ್ತೆಂದರೆ, 2014ರ ಆಗಸ್ಟ್‌ನಲ್ಲಿ ಮಾಡಬೇಕೆಂದುಕೊಂಡಿದ್ದ ಪಥ ತಿದ್ದುಪಡಿಯ ಅಗತ್ಯವೇ ಬೀಳಲಿಲ್ಲ. ಇಡೀ ಯಾನದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಸಂಗತಿ ಇದೇ.

ಕೊನೆಯ ಕೆಲಸ ವೇಗ ತಗ್ಗಿಸುವುದು. ಇಲ್ಲದಿದ್ದರೆ ನೌಕೆ ಮಂಗಳವನ್ನು ದಾಟಿ ಹೋಗುತ್ತಿತ್ತು. ಸಂಕೇತ ತಲುಪಲು 12 ನಿಮಿಷಕ್ಕೂ ಹೆಚ್ಚು ಬೇಕಿದ್ದರಿಂದ ಆದೇಶಗಳನ್ನು ಮೊದಲೇ ಕಳಿಸಿಡಲಾಗಿತ್ತು. ಸೆಪ್ಟೆಂಬರ್ 24ರ ಬೆಳಿಗ್ಗೆ ಎಂಜಿನ್ ಸಾಗುವ ದಿಕ್ಕಿಗೆ ಎದುರಾಗಿ ಸುಮಾರು 23 ನಿಮಿಷ ಉರಿದು, ಸೆಕೆಂಡಿಗೆ ಸುಮಾರು 1.1 ಕಿಲೋಮೀಟರಿನಷ್ಟು ವೇಗವನ್ನು ಇಳಿಸಿ, ನೌಕೆ ಇನ್ನೂ ಮಂಗಳದ ಮರೆಯಲ್ಲಿದ್ದಾಗಲೇ ತಾನಾಗಿ ನಿಂತಿತು. ಅದು ಕಕ್ಷೆ ಸೇರಿತೆಂಬ ಸುದ್ದಿ ನಮಗೆ ತಿಳಿದದ್ದು ಮರೆಯಿಂದ ಹೊರಬಂದ ಸಂಕೇತ ಭೂಮಿಯನ್ನು ಮುಟ್ಟಿದ ಮೇಲೆ.