ಜುಲೈ 19 ಬಂತೆಂದರೆ ನಾವು ಡೆನಿಸ್ ಟೆನ್ ವಿಡಿಯೊ ಹಾಕಿಕೊಂಡು ಕೂರುತ್ತೇವೆ

ನಿಮ್ಮ ಪ್ರಶ್ನೆ ಹೀಗಿದೆ: "ನನ್ನ ತಂಗಿ ಪ್ರತಿ ವರ್ಷ ಜುಲೈ 19ಕ್ಕೆ ಡೆನಿಸ್ ಟೆನ್ ಅನ್ನೋ ಐಸ್ ಸ್ಕೇಟರ್‌ನ ವಿಡಿಯೊ ನೋಡಿ ಅಳ್ತಾಳೆ. ಒಂದು ದಿನವೂ ಭೇಟಿಯಾಗದ, ನಮ್ಮ ದೇಶದವನೂ ಅಲ್ಲದ ಆಟಗಾರನಿಗೆ ಇಷ್ಟು ವರ್ಷ ದುಃಖಪಡೋದು ಸಹಜಾನಾ? ನಾನು ಅವಳಿಗೆ ಏನು ಹೇಳಲಿ?"

ಸಹಜ. ಆ ದಿನ ನಾನೂ ಅದನ್ನೇ ಮಾಡುತ್ತೇನೆ. ನಿಮ್ಮ ತಂಗಿ ಯಾರೋ ನನಗೆ ಗೊತ್ತಿಲ್ಲ, ಆದರೆ ಅವಳು ಯಾವ ವಿಡಿಯೊ ಹಾಕಿಕೊಂಡು ಕೂತಿರಬಹುದು ಎಂದು ಊಹಿಸಬಲ್ಲೆ. ಏನು ಹೇಳಬೇಕು ಎನ್ನುವುದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಅವನು ಯಾರು ಎಂದು ನಿಮಗೆ ಗೊತ್ತಾಗಬೇಕು.

2013ರ ಮಾರ್ಚ್‌ನಲ್ಲಿ ನಾನು ಕೆನಡಾದ ಮಿಸಿಸಾಗಾದಲ್ಲಿ ಕೆಲಸದಲ್ಲಿದ್ದೆ. ಅಲ್ಲಿಂದ ಕಾರಿನಲ್ಲಿ ಎರಡು ಗಂಟೆ ದೂರದ ಲಂಡನ್‌ನಲ್ಲಿ (ಇಂಗ್ಲೆಂಡಿನದಲ್ಲ, ಒಂಟಾರಿಯೊದ ಲಂಡನ್) ವಿಶ್ವ ಫಿಗರ್ ಸ್ಕೇಟಿಂಗ್ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. ಸಹೋದ್ಯೋಗಿಯ ಹೆಂಡತಿಗೆ ಹುಷಾರಿಲ್ಲದೆ ಒಂದು ಟಿಕೆಟ್ ಉಳಿದುಹೋಗಿ ಅದು ನನ್ನ ಪಾಲಿಗೆ ಬಂತು. ನನಗೆ ಸ್ಕೇಟಿಂಗ್‌ನ ಗಂಧಗಾಳಿ ಇರಲಿಲ್ಲ. ಸುಮಾರು ಒಂಬತ್ತು ಸಾವಿರ ಜನ ಹಿಡಿಸುವ ಕ್ರೀಡಾಂಗಣ ತುಂಬಿತ್ತು. ಬಂದವರೆಲ್ಲ ತಮ್ಮ ದೇಶದ ಪ್ಯಾಟ್ರಿಕ್ ಚಾನ್ ಗೆಲ್ಲುವುದನ್ನು ನೋಡಲು ಬಂದವರು. ಚಾನ್ ಹಿಂದಿನ ಎರಡು ವರ್ಷವೂ ವಿಶ್ವ ಚಾಂಪಿಯನ್.

ಆಗ ಐಸ್ ಮೇಲೆ ಕಜಕಸ್ತಾನದ ಒಬ್ಬ ಹುಡುಗ ಬಂದ. ಹತ್ತೊಂಬತ್ತು ವರ್ಷ, ಸಣ್ಣ ಮೈಕಟ್ಟು. ಒಂದು ತಿಂಗಳ ಹಿಂದೆ ಒಸಾಕಾದ ನಾಲ್ಕು ಖಂಡಗಳ ಚಾಂಪಿಯನ್‌ಷಿಪ್‌ನಲ್ಲಿ (ಯುರೋಪ್ ಬಿಟ್ಟು ಉಳಿದ ಖಂಡಗಳವರ ಸ್ಪರ್ಧೆ ಅದು) ಅವನು 12ನೆಯವನಾಗಿದ್ದ, ಹಾಗಾಗಿ ಅವನ ಮೇಲೆ ಯಾರಿಗೂ ಹೆಚ್ಚಿನ ನಿರೀಕ್ಷೆ ಇದ್ದಂತಿರಲಿಲ್ಲ. ಮೊದಲ ದಿನದ ಕಿರು ಪ್ರದರ್ಶನಕ್ಕೂ ಎರಡನೆಯ ಸುತ್ತಿನ ದೀರ್ಘ ಪ್ರದರ್ಶನಕ್ಕೂ ಒಂದೇ ಸಿನಿಮಾದ ಸಂಗೀತ ಆರಿಸಿಕೊಂಡಿದ್ದ. ಮೂಕಿ ಚಿತ್ರಗಳ ಕಾಲದ ಕತೆ ಅದು. ಒಂದು ಕತೆಯನ್ನು ಎರಡು ಕಂತಿನಲ್ಲಿ ಹೇಳಿದ ಹಾಗೆ.

ಟಿವಿಯಲ್ಲಿ ನೋಡುವಾಗ ಸಂಗೀತವೇ ಎಲ್ಲ ಶಬ್ದವನ್ನೂ ನುಂಗಿಬಿಡುತ್ತದೆ. ಅಲ್ಲಿ ಕೂತಾಗ ಹಾಗಲ್ಲ, ಬ್ಲೇಡಿನ ಸದ್ದೂ ಕೇಳುತ್ತದೆ. ಕೆಲವರ ಬ್ಲೇಡು ಐಸನ್ನು ಕೆರೆಯುತ್ತದೆ, ತೆಂಗಿನಕಾಯಿ ತುರಿದ ಹಾಗೆ ಗರಗರ. ಅವನದು ಹಾಗಿರಲಿಲ್ಲ. ರೇಷ್ಮೆ ಬಟ್ಟೆಯನ್ನು ಒಂದೇ ಎಳೆತಕ್ಕೆ ಹರಿದರೆ ಬರುತ್ತದಲ್ಲ, ಅಂಥ ಒಂದು ಉದ್ದನೆಯ ಸದ್ದು. ಗಾಳಿಯಲ್ಲಿ ನಾಲ್ಕು ಸುತ್ತು ತಿರುಗುವ ಜಂಪ್‌ನಿಂದ ಶುರು ಮಾಡಿದ. ಕೆಳಗೆ ಬಂದಾಗ ಮಂಡಿ ಮೆತ್ತಗೆ ಬಾಗಿತು, ಒಂದೇ ಕಾಲಿನ ಮೇಲೆ ಹಿಂದಕ್ಕೆ ಜಾರುತ್ತಾ ಹೋದ. ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿ, ಕೈಯಲ್ಲಿ ಕೆನಡಾದ ಪುಟ್ಟ ಬಾವುಟ ಹಿಡಿದಿದ್ದವರು, ಬಾವುಟವನ್ನು ತೊಡೆಯ ಮೇಲಿಟ್ಟು ಎರಡೂ ಕೈಯನ್ನು ಬಾಯಿಗೆ ಅಡ್ಡ ಹಿಡಿದರು. ಮುಗಿದಾಗ ಸುತ್ತಲಿದ್ದವರೆಲ್ಲ ಎದ್ದು ನಿಂತಿದ್ದರು.

ಆ ದೀರ್ಘ ಪ್ರದರ್ಶನದಲ್ಲಿ ಅವನೇ ಮೊದಲಿಗ. ಚಾನ್ ಬಿದ್ದರೂ ಚಿನ್ನ ಅವರಿಗೇ ಹೋಯಿತು, ಕಿರು ಪ್ರದರ್ಶನದ ಅಂಕ ಅವರ ಕೈ ಹಿಡಿದಿತ್ತು. ಚಾನ್‌ಗೆ ಒಟ್ಟು 267.78, ಡೆನಿಸ್‌ಗೆ 266.48. ಅಂತರ 1.30. ಹಾಗಿದ್ದೂ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಜಕಸ್ತಾನಕ್ಕೆ ಈ ಆಟದಲ್ಲಿ ಸಿಕ್ಕ ಮೊದಲ ಪದಕ ಅದು. ಆ ಬೆಳ್ಳಿ ಚಿನ್ನವಾಗಬೇಕಿತ್ತು ಎಂದು ನಾನು ಇವತ್ತಿಗೂ ಹೇಳುತ್ತೇನೆ. ನಿಮ್ಮ ತಂಗಿಯೂ ಹೇಳುತ್ತಾಳೆ, ಕೇಳಿ ನೋಡಿ.

ಅಂದಿನಿಂದ ಅವನ ಹಿಂದಿನ ಕತೆಯನ್ನೆಲ್ಲ ಹುಡುಕಿ ಓದಿದೆ. ಹುಟ್ಟಿದ್ದು 1993ರ ಜೂನ್ 13, ಕಜಕಸ್ತಾನದ ಅಲ್ಮಾಟಿ ನಗರದಲ್ಲಿ. ಚಳಿಗೆ ಒಂದರ ಮೇಲೊಂದು ಬಟ್ಟೆ ಹೇರಿಕೊಂಡು ಬಯಲಿನ ರಿಂಕ್‌ನಲ್ಲಿ ಕಲಿತವನು, ಆಮೇಲೆ ಶಾಪಿಂಗ್ ಮಾಲ್‌ನ ರಿಂಕ್‌ನಲ್ಲಿ. ಹತ್ತರ ಆಸುಪಾಸಿನಲ್ಲಿ ತಾಯಿಯ ಜೊತೆ ಮಾಸ್ಕೋಗೆ ಹೋಗಿ ಎಲೆನಾ ಬುಯಾನೊವಾ ಬಳಿ ತರಬೇತಿ. 16 ವರ್ಷಕ್ಕೇ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ 11ನೇ ಸ್ಥಾನ. ಅದೇ ವರ್ಷ ಕ್ಯಾಲಿಫೋರ್ನಿಯಾಗೆ, ಫ್ರಾಂಕ್ ಕ್ಯಾರೊಲ್ ಎಂಬ ಹಿರಿಯ ಕೋಚ್ ಹತ್ತಿರ. ಮನೆತನ ಕೊರಿಯಾ ಮೂಲದ್ದು. ಅವನ ಮುತ್ತಜ್ಜಿಯ ತಂದೆ ಮಿನ್ ಗುಂಗ್ ಹೋ ಜಪಾನಿಯರ ವಿರುದ್ಧ ಹೋರಾಡಿ 1908ರಲ್ಲಿ ಸತ್ತವರು, ಕೊರಿಯಾದಲ್ಲಿ ದೊಡ್ಡ ಹೆಸರು. ರಷ್ಯಾದ ಪೂರ್ವ ಅಂಚಿನಲ್ಲಿ ನೆಲೆಸಿದ್ದ ಕೊರಿಯನ್ನರನ್ನು 1937ರಲ್ಲಿ ಸ್ಟಾಲಿನ್ ರೈಲಿಗೆ ತುಂಬಿ ಮಧ್ಯ ಏಷ್ಯಾಗೆ ಸಾಗಿಸಿದ. ಕಜಕಸ್ತಾನದಲ್ಲಿ ಇವತ್ತು ಇರುವ ಕೊರಿಯನ್ ಮನೆತನಗಳಲ್ಲಿ ಬಹುಪಾಲು ಹಾಗೆ ಬಂದವೇ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಭೇಟಿಯಾಗದವನಿಗೆ ದುಃಖ ಯಾಕೆ?

ಸ್ಕೇಟಿಂಗ್‌ನಲ್ಲಿ ಹೆಲ್ಮೆಟ್ ಇಲ್ಲ, ತಂಡ ಇಲ್ಲ, ಮರೆಯಾಗಲು ಜಾಗವೂ ಇಲ್ಲ. ಆಗಿನ ನಿಯಮದಂತೆ ಗಂಡಸರ ದೀರ್ಘ ಪ್ರದರ್ಶನ ನಾಲ್ಕೂವರೆ ನಿಮಿಷ. ಅಷ್ಟು ಹೊತ್ತೂ ಒಬ್ಬನೇ. ಮುಗಿದ ಮೇಲೆ ಕೋಚ್ ಪಕ್ಕ ಬೆಂಚಿನ ಮೇಲೆ ಕೂತು, ಉಸಿರು ಇನ್ನೂ ಹತೋಟಿಗೆ ಬಂದಿರುವುದಿಲ್ಲ, ಅಂಕ ಬರುವವರೆಗೂ ಕ್ಯಾಮೆರಾ ಮುಖದ ಮೇಲೇ ಇರುತ್ತದೆ. ಸಂತೋಷ, ನಾಚಿಕೆ, ನೋವು ಎಲ್ಲ ನಮ್ಮೆದುರೇ. ಒಬ್ಬನನ್ನು ಹದಿನಾರರಿಂದ ಇಪ್ಪತ್ತೈದರವರೆಗೆ ಹೀಗೆ ನೋಡುತ್ತಾ ಬಂದರೆ, ಜಂಪ್‌ಗೆ ಮೊದಲು ಅವನ ಭುಜ ಬಿಗಿಯಾಯಿತೋ ಇಲ್ಲವೋ ಎಂಬುದರಿಂದಲೇ ಇವತ್ತು ಏನಾಗುತ್ತದೆ ಎಂದು ಗೊತ್ತಾಗಿಬಿಡುತ್ತದೆ. ನನ್ನ ಸ್ವಂತ ದೊಡ್ಡಪ್ಪನ ಮಕ್ಕಳಲ್ಲಿ ಇಬ್ಬರ ಬಗ್ಗೆ ನನಗೆ ಅಷ್ಟು ಗೊತ್ತಿಲ್ಲ. ನಾವು ಅವನನ್ನು ಭೇಟಿಯಾಗಿಲ್ಲ ಎನ್ನುವುದು ನಿಜ. ಅವನು ಬೆಳೆದದ್ದನ್ನು ಕಣ್ಣಾರೆ ನೋಡಿದ್ದೇವೆ ಎನ್ನುವುದೂ ಅಷ್ಟೇ ನಿಜ.

ಮತ್ತೆ ಅವನದು ಸುಲಭದ ದಾರಿಯಲ್ಲ. ಲಂಡನ್ ನಂತರದ ಸೀಸನ್ ಗಾಯ, ಕಾಯಿಲೆಗಳಲ್ಲೇ ಶುರುವಾಯಿತು. 2014ರಲ್ಲಿ ಸೋಚಿ ಒಲಿಂಪಿಕ್ಸ್‌ನ ಕಿರು ಪ್ರದರ್ಶನದ ನಂತರ 9ನೇ ಸ್ಥಾನದಲ್ಲಿದ್ದ. ಮರುದಿನ ಅಲ್ಲಿಂದ ಮೂರಕ್ಕೆ ಏರಿ, ಜಪಾನಿನ ಯುಜುರು ಹನ್ಯು ಮತ್ತು ಚಾನ್ ನಂತರ ಕಂಚು ಗೆದ್ದ. ಅವನ ದೇಶಕ್ಕೆ ಫಿಗರ್ ಸ್ಕೇಟಿಂಗ್‌ನ ಮೊದಲ ಒಲಿಂಪಿಕ್ ಪದಕ. 2015ರ ಫೆಬ್ರವರಿಯಲ್ಲಿ ಸಿಯೋಲ್‌ನ ಮೊಕ್‌ಡಾಂಗ್ ರಿಂಕ್‌ನಲ್ಲಿ ನಾಲ್ಕು ಖಂಡಗಳ ಚಾಂಪಿಯನ್‌ಷಿಪ್ ಗೆದ್ದ, ಒಟ್ಟು 289.46. ರೇಷ್ಮೆ ಮಾರ್ಗದ ನಾಡುಗಳ ವಾದ್ಯಗಳನ್ನು ಬೆರೆಸಿದ ಸಂಗೀತಕ್ಕೆ, ಮುತ್ತಜ್ಜಿಯ ತಂದೆ ಪ್ರಾಣ ಕೊಟ್ಟ ನೆಲದಲ್ಲಿ. ನನಗೆ ಲಂಡನ್ ಪ್ರದರ್ಶನ ಹತ್ತಿರವಾದದ್ದು, ಆದರೆ ಸ್ಕೇಟಿಂಗ್ ಆಗಿ ನೋಡಿದರೆ ಇದೇ ಅವನ ಶಿಖರ. ಅದೇ ವರ್ಷ ಶಾಂಘೈನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕಂಚು. ಆಮೇಲೆ ಗಾಯದ ಮೇಲೆ ಗಾಯ. 2018ರ ಪ್ಯಾಂಗ್‌ಚಾಂಗ್ ಒಲಿಂಪಿಕ್ಸ್‌ಗೆ ಪೆಟ್ಟಾದ ಕಾಲಿಟ್ಟುಕೊಂಡೇ ಹೋಗಿ 27ನೆಯವನಾದ. 24 ಜನಕ್ಕೆ ಮಾತ್ರ ಮುಂದಿನ ಸುತ್ತು. ಆ ಒಲಿಂಪಿಕ್ಸ್ ನಡೆದ ಗಾಂಗ್ವನ್ ಪ್ರಾಂತ್ಯದಲ್ಲೇ, ವೊಂಜು ಪಟ್ಟಣದಲ್ಲಿ, ಮಿನ್ ಗುಂಗ್ ಹೋ ಸಮಾಧಿ ಇದೆ. ಡೆನಿಸ್ ಹಿಂದೊಮ್ಮೆ ಅಲ್ಲಿಗೆ ಹೋಗಿ ನಮಿಸಿ ಬಂದಿದ್ದ.

ಅದೇ ವರ್ಷದ ಜುಲೈ 19ರ ಸಂಜೆ. ನಾನು ಬೆಂಗಳೂರಿಗೆ ಮರಳಿ ಎರಡು ವರ್ಷವಾಗಿತ್ತು. ಸಿಲ್ಕ್ ಬೋರ್ಡ್ ಬಳಿ ಟ್ರಾಫಿಕ್‌ನಲ್ಲಿ ನಿಂತ ಕಂಪನಿ ಬಸ್ಸಿನಲ್ಲಿ ಕೂತಿದ್ದೆ. ಸ್ಕೇಟಿಂಗ್ ಪರಿಚಯದ ಗೆಳತಿಯೊಬ್ಬಳು ಒಂದು ಸುದ್ದಿಯ ಸ್ಕ್ರೀನ್‌ಷಾಟ್ ಕಳಿಸಿದಳು. ಡೆನಿಸ್‌ಗೆ ಚಾಕು ಇರಿತ, ಆಸ್ಪತ್ರೆಗೆ ಸೇರಿಸಿದ್ದಾರೆ. ಎಲ್ಲಿಗೆ ಇರಿತ ಎಂದು ಓದಿದೆ. ತೊಡೆಗೆ. ಕಾಲಿಗಲ್ವಾ, ಉಳಿದುಕೊಳ್ತಾನೆ, ಸ್ಕೇಟಿಂಗ್ ಮಾಡೋದು ಕಷ್ಟವಾಗಬಹುದು ಅಷ್ಟೇ ಎಂದು ಉತ್ತರ ಬರೆದೆ. ಆ ಸಂದೇಶ ನನ್ನ ಹಳೆಯ ಫೋನಿನಲ್ಲಿ ಇನ್ನೂ ಹಾಗೇ ಇದೆ. ತೊಡೆಯ ದೊಡ್ಡ ರಕ್ತನಾಳ ಕತ್ತರಿಸಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗಬಹುದು ಎನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಬಸ್ಸು ಬೊಮ್ಮನಹಳ್ಳಿ ದಾಟುವ ಹೊತ್ತಿಗೆ ಇನ್ನೊಂದು ಸಂದೇಶ ಬಂತು. ಹೋಗಿಬಿಟ್ಟ.

ನಡೆದದ್ದು ಇಷ್ಟು. ಹಾಡಹಗಲು, ಅಲ್ಮಾಟಿಯ ನಡುಮಧ್ಯೆ ಕುರ್ಮನ್‌ಗಾಜಿ ಮತ್ತು ಬೈಸೆಯಿತೊವಾ ರಸ್ತೆಗಳು ಸೇರುವ ಕಡೆ ಅವನ ಕಾರು ನಿಂತಿತ್ತು. ಇಬ್ಬರು ಅದರ ಕನ್ನಡಿ ಕಳಚುತ್ತಿದ್ದರು. ಅವನು ತಡೆಯಲು ಹೋದ. ಸುಮಾರು ಮೂರು ಲೀಟರ್ ರಕ್ತ ಹರಿದುಹೋಗಿತ್ತು ಎಂದು ವೈದ್ಯರು ಹೇಳಿದರು. 25 ವರ್ಷ ತುಂಬಿ ಐದು ವಾರ. ಕಾರಿನ ಕನ್ನಡಿ! ಕಾಯಿಲೆಯಾಗಿದ್ದರೆ, ಅಪಘಾತವಾಗಿದ್ದರೆ ಮನಸ್ಸು ಹೇಗೋ ಒಂದು ಲೆಕ್ಕ ಹಾಕಿ ಸುಮ್ಮನಾಗುತ್ತಿತ್ತೇನೋ. ಈ ಸಾವಿಗೆ ಲೆಕ್ಕವೇ ಕೂಡುವುದಿಲ್ಲ. ವರ್ಷ ಕಳೆದರೂ ನಮ್ಮ ದುಃಖ ಹಳೆಯದಾಗದಿರಲು ಇದೂ ಒಂದು ಕಾರಣ.

ಅಲ್ಮಾಟಿ ಜನ ಅಳುತ್ತಾ ಸುಮ್ಮನೆ ಕೂರಲಿಲ್ಲ ಎನ್ನುವುದನ್ನು ಹೇಳಲೇಬೇಕು. ಕಾರಿನ ಕನ್ನಡಿ ಕದಿಯುವುದು ಆ ಊರಿನಲ್ಲಿ ನಿತ್ಯದ ಮಾತಾಗಿತ್ತು. ಡೆನಿಸ್ ಸತ್ತ ಮೇಲೆ ಪೊಲೀಸ್ ವ್ಯವಸ್ಥೆ ಸುಧಾರಿಸಬೇಕು, ಒಳಾಡಳಿತ ಸಚಿವರು ಕೆಳಗಿಳಿಯಬೇಕು ಎಂದು ಜನ ದನಿಯೆತ್ತಿದರು. ಬಲುವಾನ್ ಶೊಲಾಕ್ ಕ್ರೀಡಾ ಭವನದಲ್ಲಿ ಅಂತಿಮ ದರ್ಶನಕ್ಕೆ ಸಾವಿರಾರು ಮಂದಿ ಬಂದರು. ಕೊಂದವರಿಬ್ಬರಿಗೆ 2019ರ ಜನವರಿಯಲ್ಲಿ ತಲಾ 18 ವರ್ಷ ಶಿಕ್ಷೆಯಾಯಿತು. ಅವರ ಹೆಸರು ನನಗೆ ಗೊತ್ತು, ಬರೆಯುವುದಿಲ್ಲ.

ಅವನು ಬಿದ್ದ ಆ ಮೂಲೆಯಲ್ಲಿ ಜನ ರಾಶಿ ರಾಶಿ ಹೂವಿಟ್ಟರು. ಈಗ ಅಲ್ಲಿ ಅವನ ಕಂಚಿನ ಪ್ರತಿಮೆ ಇದೆ. ಕೊರಿಯಾದ ಒಲಿಂಪಿಕ್ ಚಾಂಪಿಯನ್ ಸ್ಕೇಟರ್ ಕಿಮ್ ಯುನಾ, ಎರಡು ತಿಂಗಳ ಹಿಂದಷ್ಟೇ ಸಿಯೋಲ್‌ನ ತನ್ನ ಷೋಗೆ ಅವನನ್ನು ಕರೆಸಿಕೊಂಡಿದ್ದವಳು, ಸಂತಾಪ ಬರೆದಳು. ಚಾನ್ ಬರೆದ. ಇವರ ಮಾತುಗಳ ಕೆಳಗೆ ರಷ್ಯನ್, ಜಪಾನಿ, ಕೊರಿಯನ್, ಇಂಗ್ಲಿಷ್‌ನಲ್ಲಿ ಸಾವಿರಾರು ಜನ. ಅಷ್ಟು ಜನರ ನಡುವೆ ನಾನು ಕನ್ನಡದಲ್ಲಿ ಎರಡು ಸಾಲು ಬರೆದೆ. ಅವನಿಗೆ ಓದಲು ಬರುವುದಿಲ್ಲ ಎಂದಲ್ಲ, ಅವನು ಓದುವುದೇ ಇಲ್ಲ ಎಂದು ಗೊತ್ತಿದ್ದೇ ಬರೆದೆ.

2019ರ ಅಕ್ಟೋಬರ್‌ನಿಂದ ಕಜಕಸ್ತಾನದಲ್ಲಿ ಡೆನಿಸ್ ಟೆನ್ ಸ್ಮಾರಕ ಸ್ಪರ್ಧೆ ನಡೆಯುತ್ತಿದೆ. ನಿಜವಾದ ಅಂತರರಾಷ್ಟ್ರೀಯ ಸ್ಪರ್ಧೆ, ಬೇರೆ ಬೇರೆ ದೇಶದವರು ಬರುತ್ತಾರೆ. ನನಗೆ ಪ್ರತಿಮೆಗಿಂತ ಇದು ಇಷ್ಟ. ಸ್ಕೇಟರ್‌ನ ನೆನಪು ಐಸ್ ಮೇಲೇ ಇರಬೇಕು.

ಇನ್ನೊಂದು ಸಂಗತಿ, ಇದನ್ನು ನಿಮ್ಮ ತಂಗಿಗೆ ಹೇಳಿದರೆ ಅವಳ ಮುಖ ನೋಡಿ. 2025ರ ಫೆಬ್ರವರಿಯಲ್ಲಿ ಅಲ್ಮಾಟಿಯದೇ ಹುಡುಗ ಮಿಖಾಯಿಲ್ ಶೈದೊರೊವ್, ಡೆನಿಸ್‌ನನ್ನು ನೋಡುತ್ತಾ ಬೆಳೆದವನು, ನಾಲ್ಕು ಖಂಡಗಳ ಚಾಂಪಿಯನ್‌ಷಿಪ್ ಗೆದ್ದ. ಊರು ಸಿಯೋಲ್. ರಿಂಕ್ ಅದೇ ಮೊಕ್‌ಡಾಂಗ್. ಡೆನಿಸ್ ಗೆದ್ದು ಸರಿಯಾಗಿ ಹತ್ತು ವರ್ಷಕ್ಕೆ. ಮರುತಿಂಗಳು ಬಾಸ್ಟನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಬೆಳ್ಳಿಯನ್ನೂ ಗೆದ್ದ, ಡೆನಿಸ್‌ಗೆ ಸಿಕ್ಕ ಅದೇ ಬಣ್ಣ. ಸಿಯೋಲ್‌ನಲ್ಲಿ ಮಿಖಾಯಿಲ್ ಹೆಸರಿನ ಪಕ್ಕ ಕಜಕಸ್ತಾನದ ನೀಲಿ ಬಾವುಟ ಕಂಡಾಗ ನಾನು ಅಡುಗೆಮನೆಯಲ್ಲಿ ಒಗ್ಗರಣೆ ಸೀಯಲು ಬಿಟ್ಟು ಫೋನ್ ಹಿಡಿದು ಅತ್ತಿದ್ದೇನೆ. ಏನಾಯ್ತಮ್ಮಾ ಎಂದು ಮಗ ಓಡಿ ಬಂದ. ಯಾರೋ ಗೆದ್ದರು ಪುಟ್ಟಾ ಎಂದೆ.

ಈಗ ನೀವು ಕೇಳಿದ್ದಕ್ಕೆ. "ಎಷ್ಟು ವರ್ಷ ಆಯ್ತು, ಇನ್ನೂ ಯಾಕೆ" ಎನ್ನಬೇಡಿ. "ನಿನಗೇನು ಅವನು ನೆಂಟನಾ" ಎಂದಂತೂ ಬೇಡ. ನನ್ನ ಮನೆಯಲ್ಲಿ ಒಬ್ಬರು ಹಾಗೆಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಆದರೂ ಆಮೇಲೆ ಎರಡು ವರ್ಷ ನಾನು ಜುಲೈ 19ರಂದು ಬಚ್ಚಲುಮನೆ ಬಾಗಿಲು ಹಾಕಿಕೊಂಡು ವಿಡಿಯೊ ನೋಡಿದೆ. ನಿಮ್ಮ ತಂಗಿ ನಿಮ್ಮೆದುರೇ ಅಳುತ್ತಾಳೆ ಎಂದರೆ ನಿಮ್ಮನ್ನು ನಂಬಿದ್ದಾಳೆ. ಅದನ್ನು ಕಳೆದುಕೊಳ್ಳಬೇಡಿ.

ಊಟ, ನಿದ್ದೆ, ಕೆಲಸ ಎಲ್ಲ ಬಿಟ್ಟು ವಾರಗಟ್ಟಲೆ ಹೀಗೇ ಇದ್ದರೆ ಅದು ಬೇರೆ ಮಾತು, ಆಗ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ವರ್ಷಕ್ಕೊಂದು ದಿನ ಅತ್ತು ಮರುದಿನ ಎದ್ದು ಕಾಲೇಜಿಗೋ ಕೆಲಸಕ್ಕೋ ಹೋಗುತ್ತಾಳೆ ಎಂದಾದರೆ ಅವಳಿಗೆ ಏನೂ ಆಗಿಲ್ಲ.

ಒಂದು ಮಾತ್ರ ಗಮನಿಸಿ. ಅವಳು ನೋಡುತ್ತಿರುವುದು ಸ್ಕೇಟಿಂಗೋ, ಇಲ್ಲ ಆ ದಿನದ ಸುದ್ದಿಯ ವಿಡಿಯೊಗಳೋ? ಮೊದಲ ವರ್ಷ ನಾನು ಎರಡನೆಯದನ್ನೇ ನೋಡಿದೆ. ಆ ರಸ್ತೆ, ಆ ಕಾರು, ಆಸ್ಪತ್ರೆಯ ಬಾಗಿಲು. ಎಷ್ಟು ಸಲ ನೋಡಿದರೂ ಅಲ್ಲಿ ಡೆನಿಸ್ ಸಿಗಲಿಲ್ಲ. ಅವಳೂ ಅಲ್ಲೇ ಸಿಕ್ಕಿಕೊಂಡಿದ್ದರೆ ಮೆಲ್ಲಗೆ ಫೋನ್ ಈಸಿಕೊಂಡು, "ಅವನು ಸ್ಕೇಟ್ ಮಾಡಿದ್ದು ನನಗೆ ತೋರಿಸು, ನಾನು ನೋಡೇ ಇಲ್ಲ" ಎನ್ನಿ. ಯಾವುದು ಹಾಕಲಿ ಎಂದು ಕೇಳುತ್ತಾಳೆ. 2013, ಲಂಡನ್, ದೀರ್ಘ ಪ್ರದರ್ಶನ ಎನ್ನಿ. ಆ ಹೆಸರು ನಿಮ್ಮ ಬಾಯಲ್ಲಿ ಕೇಳಿ ಬೆರಗಾಗುತ್ತಾಳೆ. ನಾಲ್ಕೂವರೆ ನಿಮಿಷ ನಡುವೆ ಮಾತಾಡಬೇಡಿ. ಸಂಗೀತ ತಗ್ಗಿದ ಕಡೆ ಕಿವಿಗೊಟ್ಟರೆ ಬ್ಲೇಡಿನ ಸದ್ದು ಸ್ವಲ್ಪ ಕೇಳಿಸುತ್ತದೆ.