ಮೋಡ ಬರುತ್ತದೆಂದು ಬಾಗಿಲು ಹಾಕಬೇಕೆ?

‘ಜಿಲ್ಲೆಯ ಶಿಕ್ಷಕರೂ ಹವ್ಯಾಸಿಗಳೂ ಸೇರಿ 2027ರ ಆಗಸ್ಟ್ 2ರ ಸೂರ್ಯಗ್ರಹಣಕ್ಕೆ ಖಗೋಳ ಹಬ್ಬ ನಡೆಸುವುದನ್ನು ನಿಮ್ಮ ಪತ್ರಿಕೆ ಹೊಗಳಿ ಬರೆದಿದೆ. ಈಜಿಪ್ಟಿನಲ್ಲಿ ಅದು ಖಗ್ರಾಸ, ನಮ್ಮಲ್ಲಿ ಬರೀ ಪಾರ್ಶ್ವ. ಅದೂ ಕರಾವಳಿಯಲ್ಲಿ ಮಳೆ ಹೊಯ್ಯುವ ಕಾಲ. ಮೊಬೈಲಿನಲ್ಲೇ ನೇರವಾಗಿ ಕಾಣುವುದಕ್ಕೆ ಹಬ್ಬ ಏಕೆ? ಆ ದುಡ್ಡಿನಲ್ಲಿ ಸೋರುವ ಒಂದು ಶಾಲೆಯ ಮಾಡು ರಿಪೇರಿ ಮಾಡಿಸಬಹುದು. 1980ರ ಗ್ರಹಣದಲ್ಲಿ ನಾನು ಏಳನೇ ಇಯತ್ತೆ. ಮನೆಯವರು ಬಾಗಿಲು ಹಾಕಿ ಒಳಗೆ ಕೂರಿಸಿದ್ದರು. ನೋಡದೇ ಇದ್ದದ್ದರಿಂದ ನನಗೇನೂ ನಷ್ಟವಾಗಲಿಲ್ಲ.’

– ಓದುಗರು, ಕುಮಟಾ

ಸಂಪಾದಕರ ಉತ್ತರ:

ಒಪ್ಪುವ ಮಾತನ್ನು ಮೊದಲೇ ಒಪ್ಪಿಬಿಡುತ್ತೇನೆ. ಆಗಸ್ಟ್ 2 ಅಂದರೆ ಪುಷ್ಯ ಮಳೆ ಮುಗಿದು ಆಶ್ಲೇಷ ಹಿಡಿಯುವ ಹೊತ್ತು. ಆ ಸಂಜೆ ಕುಮಟೆಯಲ್ಲಿ ಸೂರ್ಯ ಕಂಡೇ ಕಾಣುತ್ತಾನೆಂದು ಯಾರೂ ಬರೆದುಕೊಡಲಾರರು. ಶಾಲೆಯ ಮಾಡು ಸೋರಬಾರದು, ಅದರಲ್ಲೂ ಎರಡು ಮಾತಿಲ್ಲ. ಆದರೆ ನಿಮ್ಮ ಕೊನೆಯ ಸಾಲನ್ನು ಸುಮ್ಮನೆ ಬಿಡಲು ನನ್ನಿಂದಾಗದು.

ನಷ್ಟವಾಗಲಿಲ್ಲ ಅನ್ನುತ್ತೀರಲ್ಲ, ಆ ದಿನ ನಿಮ್ಮ ಮನೆಯ ಹೆಂಚಿನ ಮೇಲೆ ಏನು ಹಾದುಹೋಯಿತು ಗೊತ್ತೇ? 1980ರ ಫೆಬ್ರವರಿ 16, ಶನಿವಾರ, ಶಿವರಾತ್ರಿ ಕಳೆದು ಬಂದ ಅಮಾವಾಸ್ಯೆ. ಅರಬ್ಬಿ ಸಮುದ್ರ ದಾಟಿ ಬಂದ ಚಂದ್ರನ ನೆರಳು ಭಾರತದ ನೆಲ ಮುಟ್ಟಿದ್ದೇ ನಮ್ಮ ಕಾರವಾರ-ಅಂಕೋಲೆಯ ದಂಡೆಯಲ್ಲಿ. ಮಧ್ಯಾಹ್ನ ಮೂರೂವರೆ ಕಳೆದ ಮೇಲೆ ಎರಡು ನಿಮಿಷಕ್ಕೂ ಮಿಕ್ಕಿ ಹಗಲು ಕತ್ತಲಾಯಿತು. ಅಲ್ಲಿಂದ ನೆರಳು ಘಟ್ಟ ಹತ್ತಿ ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದು ಒಡಿಶಾದ ಕಡೆ ಹೋಯಿತು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಅದಕ್ಕೆಂದೇ ಬಿಡಾರ ಹೂಡಿದ್ದರು. ಒಂದೇ ಊರಿನ ಮೇಲೆ ಇಂಥ ನೆರಳು ಮತ್ತೊಮ್ಮೆ ಬೀಳಲು ಸರಾಸರಿ ಸುಮಾರು 375 ವರ್ಷ ಬೇಕು. ಆ ದಿನದ ಬಗ್ಗೆ ನಮ್ಮ ಕಡೆಯ ಹಿರಿಯರನ್ನು ಕೇಳಿ ನೋಡಿ. ಕಿಟಕಿ ಸಂದಿಗೆ ಗೋಣಿ ತುರುಕಿದ್ದು, ನೀರಿನ ಹಂಡೆಗೆ ದರ್ಭೆ ಹಾಕಿದ್ದು, ಕೋಳಿಗಳು ತಾವಾಗಿ ಗೂಡು ಸೇರಿದ್ದು, ಇದನ್ನೆಲ್ಲ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಕಪ್ಪು ಸೂರ್ಯನ ಸುತ್ತ ಬೆಳ್ಳಿಯ ಪ್ರಭೆಯನ್ನು ಕಣ್ಣಾರೆ ಕಂಡೆ ಅನ್ನುವವರನ್ನು ಹುಡುಕಬೇಕು. ಜಗತ್ತಿನ ಜನ ಹಣ ಕಟ್ಟಿ, ಸಾಗರ ದಾಟಿ ಹೋಗಿ ನೋಡುವಂಥದ್ದು ನಮ್ಮ ಅಂಗಳಕ್ಕೇ ಬಂದಿತ್ತು. ಏಳನೇ ಇಯತ್ತೆಯ ಹುಡುಗನಿಗೆ ಅದು ಸಿಗದೇ ಹೋಯಿತಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇದನ್ನು ಧರ್ಮದ ತಲೆಗೆ ಕಟ್ಟುವವರ ಜೊತೆಗೂ ನಾನಿಲ್ಲ. ಗೋಕರ್ಣದಲ್ಲಿ ಗ್ರಹಣಸ್ನಾನಕ್ಕೆ ಬಂದವರು ಬಯಲಲ್ಲೇ, ಕಡಲ ನೀರಲ್ಲೇ ನಿಂತಿರುತ್ತಾರೆ. ಸ್ಪರ್ಶ ಎಷ್ಟು ಹೊತ್ತಿಗೆ, ಮೋಕ್ಷ ಎಷ್ಟು ಹೊತ್ತಿಗೆ ಎಂದು ಪಂಚಾಂಗದಲ್ಲಿ ಅಚ್ಚಾಗುವುದರ ಹಿಂದೆ ಆಕಾಶ ನೋಡಿ ಲೆಕ್ಕ ಹಾಕಿದವರ ತಲೆತಲಾಂತರದ ದುಡಿಮೆಯಿದೆ. ಚಂದ್ರನೇ ಸೂರ್ಯನನ್ನು ಮರೆಮಾಡುತ್ತಾನೆಂದು ಆರ್ಯಭಟ ಬರೆದದ್ದು 499ರಲ್ಲಿ. ಸೂರ್ಯಗ್ರಹಣದ ದಿನ ಭೂದಾನ ಬಿಟ್ಟ ಶಾಸನಗಳು ಕನ್ನಡ ನಾಡಿನ ತುಂಬ ಇವೆ, ಆ ಗ್ರಹಣಗಳನ್ನು ಹಿಡಿದೇ ಇತಿಹಾಸಕಾರರು ಶಾಸನದ ಕಾಲ ಗಟ್ಟಿ ಮಾಡುತ್ತಾರೆ. ಇಂಥವರ ಮೊಮ್ಮಕ್ಕಳು ಗೋಣಿ ತುರುಕಿ ಕೂರುವುದು ಯಾವ ನ್ಯಾಯ?

ಇನ್ನು ಮೋಡ. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣವೂ ಇದೇ ಮಳೆಗಾಲದಲ್ಲಿ ಬಂದಿತ್ತು. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ, ಸರ್ವೇ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲ್, ನಮ್ಮ ಜಮಖಂಡಿಯಲ್ಲಿ ಉಪಕರಣ ಹೂಡಿ ಕಾದಿದ್ದರು. ಮೋಡ ಅಡ್ಡ ಬರುತ್ತಲೇ ಇತ್ತು. ಸಂದಿಯಲ್ಲಿ ಸಿಕ್ಕ ಚೂರು ಹೊತ್ತಿನಲ್ಲೇ ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಯ ಬೆಳಕನ್ನು ಒಡೆದು ನೋಡಿ, ಅದರಲ್ಲಿ ಹೊಳೆಯುವ ಗೆರೆಗಳನ್ನು ಗುರುತಿಸಿದರು. ಅದೇ ಗ್ರಹಣವನ್ನು ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ನೋಡಿದರು. ಆ ವರ್ಷ ಸೂರ್ಯನ ಬೆಳಕಿನಲ್ಲಿ ಕಂಡ ಒಂದು ಹಳದಿ ಗೆರೆಯಿಂದಲೇ ಹೀಲಿಯಂ ಗೊತ್ತಾದದ್ದು. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ. ಮೂರು ವರ್ಷ ಬಿಟ್ಟು, 1871ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಖಗೋಳಜ್ಞ ಲಾಕಿಯರ್ ಹಡಗು ಹತ್ತಿ ಬಂದು ನಮ್ಮದೇ ಕರಾವಳಿಯ ಬೇಕಲ ಕೋಟೆಯಲ್ಲಿ ಗ್ರಹಣಕ್ಕೆ ಕಾದರು. ಮೋಡವಿದ್ದೀತು ಎಂದು ಇವರೆಲ್ಲ ಮನೆಯಲ್ಲೇ ಉಳಿದಿದ್ದರೆ?

ಪಾರ್ಶ್ವ ಗ್ರಹಣ ಬರೀ ಪಾರ್ಶ್ವ ಎಂಬ ನಿಮ್ಮ ತಾತ್ಸಾರವನ್ನೂ ನಾನು ಒಪ್ಪುವುದಿಲ್ಲ. 2019ರ ಡಿಸೆಂಬರ್ 26ರಂದು ಮಂಗಳೂರಿನವರಿಗೆ ಕಂಕಣ, ನಮಗೆ ಪಾರ್ಶ್ವ. ಶಿರಸಿ ಹತ್ತಿರದ ಒಂದು ಮನೆಯಂಗಳದಲ್ಲಿ ಅಡಿಕೆ ಸುಲಿತ ನಡೆದಿತ್ತು. ಬೆಳಿಗ್ಗೆ ಒಂಬತ್ತೂಕಾಲರ ಹೊತ್ತಿಗೆ ಬಿಸಿಲಿನ ಬಣ್ಣ ಮಂಕಾಯಿತು. ಸೋಗೆ ಚಪ್ಪರದ ತೂತುಗಳಿಂದ ನೆಲಕ್ಕೆ ಬಿದ್ದ ಬಿಸಿಲ ಚುಕ್ಕೆಗಳು ಒಂದೊಂದೂ ಬಿದಿಗೆ ಚಂದ್ರನ ಹಾಗೆ ಬಾಗಿದ್ದವು, ನೂರಾರು. ಮೆಟ್ಟುಗತ್ತಿ ಮುಂದೆ ಕೂತಿದ್ದ ಹೆಂಗಸೊಬ್ಬರು ಕೈಯಲ್ಲಿದ್ದ ಅಡಿಕೆ ಬದಿಗಿಟ್ಟು ಅಂಗೈ ಒಡ್ಡಿದರು. ಅಂಗೈ ಮೇಲೆ ಮೂರು ಸೂರ್ಯ! ‘ತಮಾ, ನೋಡೋ ಇಲ್ಲಿ’ ಎಂದು ಮೊಮ್ಮಗನನ್ನು ಕರೆದರು. ಪ್ರತಿ ತೂತೂ ಸೂರ್ಯನ ಬಿಂಬವನ್ನು ನೆಲಕ್ಕೆ ಇಳಿಸುತ್ತದೆ ಎಂದು ಆ ಹುಡುಗನಿಗೆ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಈ ಅನುಭವ ನೀವು ಹೇಳುವ ಮೊಬೈಲಿನಲ್ಲಿ ಸಿಗುತ್ತದೆಯೇ, ನೀವೇ ಹೇಳಿ.

ಹಬ್ಬದವರು ಮಾಡಹೊರಟಿರುವುದೂ ಇದನ್ನೇ. ಮಳೆ ಬಿಟ್ಟ ತಿಂಗಳುಗಳಲ್ಲಿ ಊರೂರಿಗೆ ಹೋಗಿ ಮಕ್ಕಳ ಕೈಯಲ್ಲಿ ಸೂಜಿತೂತಿನ ಡಬ್ಬ ಮಾಡಿಸುತ್ತಾರೆ, ದೂರದರ್ಶಕದಲ್ಲಿ ಗುರುವಿನ ಚಂದ್ರರನ್ನು ತೋರಿಸುತ್ತಾರೆ. ಮಸಿ ಹಿಡಿದ ಗಾಜು, ಎಕ್ಸ್‌ರೇ ಹಾಳೆ, ಸಗಣಿ ನೀರು ಯಾವುದೂ ಕಣ್ಣು ಕಾಯುವುದಿಲ್ಲ, ಸೂರ್ಯನನ್ನು ನೋಡಲೆಂದೇ ಮಾಡಿದ ಕನ್ನಡಕ ಬೇಕು ಎಂದು ತಿಳಿಸುತ್ತಾರೆ. ಕಣ್ಣಿನ ಒಳಪೊರೆಗೆ ನೋವು ಗೊತ್ತಾಗುವುದಿಲ್ಲ, ಸುಟ್ಟರೂ ಆ ಕ್ಷಣ ತಿಳಿಯದು. ಇದನ್ನು ಗ್ರಹಣದ ಬೆಳಿಗ್ಗೆ ಮೈಕಿನಲ್ಲಿ ಕೂಗಿದರೆ ಜನ ಹೆದರಿ ಒಳಗೆ ಹೋಗುತ್ತಾರೆ, ತಿಂಗಳುಗಟ್ಟಲೆ ಮುಂಚೆ ಕೂತು ಹೇಳಿದರೆ ಕನ್ನಡಕ ಹಾಕಿ ಹೊರಗೆ ಬರುತ್ತಾರೆ. ಆಗಸ್ಟ್ 2ರಂದು ಮಳೆಯೇ ಸುರಿದರೂ ಕಲಿತದ್ದು ಎಲ್ಲಿಗೂ ಹೋಗುವುದಿಲ್ಲ.

ಖರ್ಚಿನ ಲೆಕ್ಕ ಕೇಳಿದಿರಿ. ನಮ್ಮ ಊರುಗಳ ಉತ್ಸವಗಳಲ್ಲಿ ಒಂದು ರಾತ್ರಿಯ ರಸಮಂಜರಿಗೆ ಸುರಿಯುವ ಹಣವನ್ನು ಯಾರೂ ಶಾಲೆಯ ಮಾಡಿನ ಜೊತೆ ತೂಗುವುದಿಲ್ಲ. ಮಸೂರಕ್ಕೆ ಕಾಸು ಕೇಳಿದ ಕೂಡಲೇ ಸೋರುವ ಹೆಂಚು ನೆನಪಾಗುತ್ತದೆ. ನನಗೆ ಗೊತ್ತಿರುವ ಒಂದು ಪ್ರೌಢಶಾಲೆಯಲ್ಲಿ ದೂರದರ್ಶಕ ಬೀರುವಿನಲ್ಲಿದೆ, ಬೀಗದ ಕೈ ಯಾರ ಹತ್ತಿರವೆಂದು ಯಾರಿಗೂ ಗೊತ್ತಿಲ್ಲ. 2019ರ ಆ ಬೆಳಿಗ್ಗೆ ಮಕ್ಕಳನ್ನು ಕೋಣೆಯಲ್ಲಿ ಕೂಡಿ ಕಿಟಕಿ ಹಾಕಿದ್ದೂ ಅಲ್ಲೇ. ಕೂಟಕೂಟಕ್ಕೆ ಹೈಮಾಸ್ಟ್ ದೀಪ ನಿಲ್ಲಿಸಿ, ದಂಡೆಯ ಮೇಲೂ ರಾತ್ರಿಯೆಲ್ಲ ಬೆಳಕು ಚೆಲ್ಲಿ, ಆಕಾಶಗಂಗೆಯನ್ನು ನಾವೇ ಅಳಿಸಿದ್ದೇವೆ. ಆರ್ದ್ರೆ, ಪುಷ್ಯ, ಆಶ್ಲೇಷ ಎಂದು ಮಳೆಯನ್ನು ನಕ್ಷತ್ರದ ಹೆಸರಿನಲ್ಲೇ ಎಣಿಸುವ ರೈತರ ಮಕ್ಕಳಿಗೆ ಆ ನಕ್ಷತ್ರ ಬಾನಲ್ಲಿ ಎಲ್ಲಿದೆ ಎಂದು ತೋರಿಸುವವರೇ ಇಲ್ಲ.

ಈ ಹಬ್ಬದವರಿಗೆ ನಿಮ್ಮಂಥವರು ಬೇಕು. ಅರ್ಧ ಪುಟದಲ್ಲಿ ಇಷ್ಟು ಸ್ಪಷ್ಟವಾಗಿ ವಾದ ಹೂಡಬಲ್ಲ ನೀವು ಕುಮಟೆಯ ನಾಲ್ಕು ಶಾಲೆಗಳ ಹೆಡ್‌ಮಾಸ್ತರರನ್ನು ಕಂಡು ಒಪ್ಪಿಸಬಲ್ಲಿರಿ. 2031ರ ಮೇ 21ರ ಕಂಕಣ ಗ್ರಹಣ ಕೇರಳ ಹಾಗೂ ಮಧುರೆಯ ಕಡೆ ಹಾದುಹೋಗುತ್ತದೆ. ಆಗ ಶಾಲೆಗೆ ಬೇಸಿಗೆ ರಜೆ, ಜೋರು ಮಳೆ ಇನ್ನೂ ಹಿಡಿದಿರುವುದಿಲ್ಲ, ಕುಮಟೆಯಿಂದ ಕೇರಳಕ್ಕೆ ಕೊಂಕಣ ರೈಲಿದೆ. ಈಗ ಐದನೆಯ ತರಗತಿಯಲ್ಲಿರುವ ಮಕ್ಕಳು ಆ ಹೊತ್ತಿಗೆ ತಾವೇ ಲೆಕ್ಕ ಹಾಕಿ ಜಾಗ ಆರಿಸುವಷ್ಟು ಬೆಳೆದಿರುತ್ತಾರೆ. ಬರುವಿರಾದರೆ ಪತ್ರ ಬರೆಯಿರಿ, ಹಬ್ಬದವರಿಗೆ ನಾನೇ ತಲುಪಿಸುತ್ತೇನೆ.